ಪೇಪರ್ ಗೋಪುರ ಬೇಗ ಬೀಳಲಿ: ಮಕ್ಕಳ ಜೊತೆ ನಾನು ಮಾಡುವ ರೀತಿ

ಮಕ್ಕಳಿಗೆ ಗೋಪುರ ಕಟ್ಟುವ ಆಟ ಹೇಗೆ ಆಡಿಸೋದು ಅಂತ ಯಾರಾದರೂ ಕೇಳಿದರೆ ನಾನು ಮೊದಲು ಹೇಳುವುದು ಒಂದೇ: ಸಾಮಾನು ಕಡಿಮೆ ಕೊಡಿ. ಸ್ಟ್ರಾ, ಐಸ್‌ಕ್ರೀಮ್ ಕಡ್ಡಿ, ರಟ್ಟು, ಬಣ್ಣದ ಕಾಗದ, ಅಂಟು ಎಲ್ಲ ಹರಡಿಟ್ಟರೆ ಮಕ್ಕಳು ಅಲಂಕಾರಕ್ಕೆ ಇಳಿದುಬಿಡುತ್ತಾರೆ. ನೋಡೋಕೆ ಚೆಂದ, ಆದರೆ ಅದು ಬೇರೆ ಆಟ.

ನಾನು ಕೊಡುವುದು ಹಳೇ ನ್ಯೂಸ್‌ಪೇಪರ್, ಟೇಪ್ ಮತ್ತು ಕತ್ತರಿ. ಇಬ್ಬರು ಅಥವಾ ಮೂವರ ಗುಂಪಿಗೆ 10 ಹಾಳೆ, ಒಂದು ಮೀಟರ್ ಟೇಪ್, 30 ನಿಮಿಷ. ಗೋಪುರ ತಾನಾಗಿ ನಿಲ್ಲಬೇಕು. ನೆಲಕ್ಕೆ ಅಂಟಿಸುವಂತಿಲ್ಲ, ಗೋಡೆಗೆ ಒರಗಿಸುವಂತಿಲ್ಲ. ತುದಿಯಲ್ಲಿ ಟೆನಿಸ್ ಚೆಂಡು ಇಟ್ಟರೆ ಅದು 10 ಸೆಕೆಂಡ್ ಕೂತಿರಬೇಕು. ಟೇಪ್ ಇಷ್ಟು ಜಿಪುಣತನದಿಂದ ಕೊಡುವುದಕ್ಕೂ ಕಾರಣ ಇದೆ. ರೋಲ್ ಪೂರ್ತಿ ಕೈಗೆ ಸಿಕ್ಕರೆ ಯೋಚನೆ ನಿಂತು ಅಂಟಿಸುವುದು ಶುರುವಾಗುತ್ತದೆ. ಒಂದೇ ಮೀಟರ್ ಇದ್ದರೆ ಪ್ರತಿ ತುಂಡಿಗೂ ಒಂದು ಸಣ್ಣ ಜಗಳ ನಡೆಯುತ್ತದೆ. ಆ ಜಗಳವೇ ನನಗೆ ಬೇಕಾದದ್ದು.

ಚೆಂಡಿನ ತೂಕ ಸುಮಾರು 58 ಗ್ರಾಂ. ಜಾಸ್ತಿ ಏನಲ್ಲ, ಆದರೆ ಇಡೀ ಭಾರ ತುದಿಯಲ್ಲೇ ಕೂರುತ್ತದೆ. ಚೆಂಡು ಇಲ್ಲದಿದ್ದರೆ ಮಕ್ಕಳು ಹಾಳೆ ಸುತ್ತಿ ಒಂದರ ಮೇಲೊಂದು ಸಿಕ್ಕಿಸಿ ಉದ್ದದ ಕೋಲು ನಿಲ್ಲಿಸಿ, ಮುಗೀತು ಅನ್ನುತ್ತಾರೆ.

ತುದಿಯಲ್ಲಿ ಭಾರ ಇಡುವ ಉಪಾಯ ನನ್ನದಲ್ಲ. ಪೀಟರ್ ಸ್ಕಿಲ್‌ಮನ್ ಎಂಬ ವಿನ್ಯಾಸಕಾರರು ಶುರು ಮಾಡಿದ, ಟಾಮ್ ವುಜೆಕ್ ಎಂಬವರು 2010ರಲ್ಲಿ ಟೆಡ್ ವೇದಿಕೆಯಲ್ಲಿ ಮಾಡಿದ ಭಾಷಣದಿಂದ ಎಲ್ಲರಿಗೂ ಗೊತ್ತಾದ ಆಟ ಅದು. 20 ಒಣ ಸ್ಪಗೆಟಿ (ಉದ್ದ ಶಾವಿಗೆಯಂಥದ್ದು) ಕಡ್ಡಿ, ಒಂದು ಗಜ ಟೇಪ್, ಒಂದು ಗಜ ದಾರ, ತುದಿಗೆ ಒಂದು ಮಾರ್ಷ್‌ಮ್ಯಾಲೋ (ಸ್ಪಂಜಿನಂಥ ಮೆತ್ತನೆಯ ಸಿಹಿ), 18 ನಿಮಿಷ. ಮ್ಯಾನೇಜ್‌ಮೆಂಟ್ ಓದಿದವರಿಗಿಂತ ಶಿಶುವಿಹಾರದ ಮಕ್ಕಳೇ ಇದನ್ನು ಚೆನ್ನಾಗಿ ಮಾಡುತ್ತಾರೆ ಅಂತ ವುಜೆಕ್ ಹೇಳುತ್ತಾರೆ. ದೊಡ್ಡವರು ಯೋಜನೆ ಹಾಕಿ, ಕಟ್ಟಿ, ಕೊನೇ ನಿಮಿಷದಲ್ಲಿ ಮಾರ್ಷ್‌ಮ್ಯಾಲೋ ಇಡುತ್ತಾರೆ. ಆಗ ಎಲ್ಲ ಕುಸಿಯುತ್ತದೆ. ಚಿಕ್ಕವರು ಮೊದಲಿನಿಂದಲೇ ಅದನ್ನು ಇಟ್ಟು ನೋಡುತ್ತಾ ಹೋಗುತ್ತಾರೆ.

ಆದರೆ ಎಂಟು ಹತ್ತು ವರ್ಷದ ಹೊತ್ತಿಗೆ ಮಕ್ಕಳೂ ದೊಡ್ಡವರ ಹಾಗೇ ಆಗಿರುತ್ತಾರೆ. ಅದಕ್ಕೇ ನಾನು ಒಂದು ನಿಯಮ ಸೇರಿಸಿದ್ದೇನೆ. ಹತ್ತನೇ ನಿಮಿಷಕ್ಕೆ ಚಪ್ಪಾಳೆ ತಟ್ಟುತ್ತೇನೆ. ಗೋಪುರ ಎಷ್ಟೇ ಗಿಡ್ಡ ಇರಲಿ, ಅರ್ಧಂಬರ್ಧ ಇರಲಿ, ಚೆಂಡು ಇಟ್ಟು ನೋಡಲೇಬೇಕು. "ಇನ್ನೂ ಮುಗಿದಿಲ್ಲ ಸರ್" ಅಂತ ಗಲಾಟೆ ಆಗುತ್ತದೆ. ಆಗಲಿ. ಬೀಳುವುದಿದ್ದರೆ ಹತ್ತು ನಿಮಿಷದ ಕೆಲಸ ಬೀಳಲಿ, ಮೂವತ್ತು ನಿಮಿಷದ್ದಲ್ಲ.

ಕೊಳವೆ ಸುತ್ತುವುದನ್ನು ಮಾತ್ರ ನಾನೇ ತೋರಿಸಿಕೊಡುತ್ತೇನೆ. ಇದು ಕೈಕೆಲಸ, ಸುಮ್ನೆ ಕಂಡುಹಿಡಿಯಲಿ ಅಂತ ಬಿಟ್ಟರೆ ಅರ್ಧ ಗಂಟೆ ಅದರಲ್ಲೇ ಹೋಗುತ್ತದೆ. ಹಾಳೆಯ ಒಂದು ಅಂಚಿಗೆ ಪೆನ್ಸಿಲ್ ಇಟ್ಟು ಸುತ್ತಿ, ಒಂದೆರಡು ಕಡೆ ಟೇಪ್ ಹಾಕಿ, ಕೊಳವೆಯನ್ನು ಓರೆ ಹಿಡಿದರೆ ಪೆನ್ಸಿಲ್ ಜಾರಿ ಬರಬೇಕು. ಬರದಿದ್ದರೆ ಜಾಸ್ತಿ ಬಿಗಿ. ಸಡಿಲ ಸುತ್ತಿ ದಪ್ಪ ಮಾಡಿದರೆ ಬದಿ ತೆಳುವಾಗಿ, ಒತ್ತಿದ ಕಡೆ ಕುಳಿ ಬೀಳುತ್ತದೆ. ಒಂದು ಮೂಲೆಯಿಂದ ಓರೆಯಾಗಿ ಸುತ್ತಿದರೆ ಕೊಳವೆ ಉದ್ದ ಬರುತ್ತದೆ, ಆದರೆ ಎರಡೂ ತುದಿ ಮೆತ್ತಗಿರುತ್ತವೆ. ಉದ್ದಕ್ಕೆ ಆಸೆ ಬಿದ್ದ ಮಕ್ಕಳು ಹಾಗೇ ಸುತ್ತಿ ಆಮೇಲೆ ತುದಿ ಕತ್ತರಿಸುತ್ತಾರೆ.

ಇಷ್ಟಾದ ಮೇಲೆ ಕೈ ಹಿಂದಕ್ಕೆ ಕಟ್ಟಿಕೊಂಡು ನಿಲ್ಲುತ್ತೇನೆ. ಇದು ಬಹಳ ಕಷ್ಟ. ಬುಡ ಕಿರಿದಾಗಿರುವುದು ಕಣ್ಣಿಗೆ ಹೊಡೆಯುತ್ತಿರುತ್ತದೆ, ಹೇಳುವಂತಿಲ್ಲ. ಬಿದ್ದ ಮೇಲೆ ಎರಡೇ ಪ್ರಶ್ನೆ ಕೇಳುತ್ತೇನೆ: ಯಾವ ಕಡೆಗೆ ಬಿತ್ತು? ಮೊದಲು ಏನು ಅಲುಗಾಡಿತು? ಎರಡನೇ ಪ್ರಶ್ನೆಗೆ ಮೂವರದ್ದು ಮೂರು ಉತ್ತರ. ಹಾಗಾಗಿ ಚೆಂಡು ಇಡುವಾಗ ಫೋನಿನಲ್ಲಿ ಸ್ಲೋ ಮೋಷನ್ ವಿಡಿಯೋ ಮಾಡುತ್ತೇನೆ. ಮತ್ತೆ ಹಾಕಿ ನೋಡಿದರೆ ಯಾವ ಜೋಡಣೆ ಮೊದಲು ಬಿಟ್ಟಿತು ಅಂತ ಕಾಣುತ್ತದೆ, ವಾದ ಮುಗಿಯುತ್ತದೆ. ಈ ಆಟಕ್ಕೆ ನಾನು ಸೇರಿಸಿದ್ದರಲ್ಲಿ ಅತ್ಯಂತ ಉಪಯೋಗಕ್ಕೆ ಬಂದದ್ದು ಇದೇ.

ಹೆಚ್ಚಿನ ಮಕ್ಕಳು ಮೊದಲು ಕಟ್ಟುವುದು ಪೆಟ್ಟಿಗೆ ಆಕಾರ: ನಾಲ್ಕು ಕಾಲು, ಮೇಲೆ ನಾಲ್ಕು ಅಡ್ಡ ಕೊಳವೆ. ಚೆಂಡು ಇಟ್ಟ ಕೂಡಲೇ ಅದು ಒಂದು ಕಡೆ ವಾಲಿ ಮಲಗುತ್ತದೆ. ವಿಡಿಯೋ ನೋಡಿ ಒಬ್ಬ ಹುಡುಗಿ, "ಒಂದು ಕಡ್ಡಿನೂ ಮುರಿದಿಲ್ಲ, ಆದ್ರೂ ಬಿತ್ತಲ್ಲ!" ಅಂದಳು. ಅಲ್ಲೇ ಇರುವುದು ವಿಷಯ. ಚೌಕದ ಮೂಲೆಗಳು ತಿರುಗುವಂತಿದ್ದರೆ, ನಾಲ್ಕು ಬದಿಯ ಉದ್ದ ಬದಲಾಗದೆಯೇ ಅದು ಓರೆಯಾಗಬಲ್ಲದು. ತ್ರಿಕೋನದಲ್ಲಿ ಅದು ಸಾಧ್ಯವಿಲ್ಲ. ಯಾವುದಾದರೂ ಒಂದು ಬದಿ ಉದ್ದವಾಗಬೇಕು, ಗಿಡ್ಡವಾಗಬೇಕು, ಇಲ್ಲವೇ ಬಾಗಬೇಕು. ಚೌಕಕ್ಕೆ ಮೂಲೆಯಿಂದ ಮೂಲೆಗೆ ಒಂದು ಓರೆ ಕೊಳವೆ ಹಾಕಿದರೆ ಎರಡು ತ್ರಿಕೋನ ಆಗುತ್ತದೆ, ವಾಲುವುದು ನಿಲ್ಲುತ್ತದೆ.

ಆದರೆ ಹಾಳೆ ಇರುವುದು ಹತ್ತೇ. ಎಲ್ಲ ಬದಿಗೂ ಓರೆ ಕೊಳವೆ ಹಾಕಿದರೆ ಎತ್ತರಕ್ಕೆ ಏನೂ ಉಳಿಯುವುದಿಲ್ಲ. ಆಗ ಯಾರಾದರೂ ಕೊಳವೆ ಬದಲು ತೆಳು ಕಾಗದದ ಪಟ್ಟಿ ಎಳೆದು ಕಟ್ಟುತ್ತಾರೆ. ಗೋಪುರ ಎಡಕ್ಕೆ ವಾಲುವುದಿಲ್ಲ, ಬಲಕ್ಕೆ ಮಾತ್ರ ಆರಾಮಾಗಿ ವಾಲುತ್ತದೆ! ಪಟ್ಟಿ ಎಳೆತ ತಡೆಯುತ್ತದೆ, ಒತ್ತಿದರೆ ಮಡಚಿಕೊಳ್ಳುತ್ತದೆ. ಇನ್ನೊಂದು ಪಟ್ಟಿಯನ್ನು ಅಡ್ಡಲಾಗಿ, ಗುಣಾಕಾರದ ಗುರುತಿನ ಹಾಗೆ ಕಟ್ಟಿದರೆ ಎರಡೂ ಕಡೆ ಬಂದೋಬಸ್ತ್. ಯಾವ ಕಡ್ಡಿಗೆ ಎಳೆತ, ಯಾವುದಕ್ಕೆ ಒತ್ತಡ ಅಂತ ಬೆರಳಲ್ಲಿ ಮುಟ್ಟಿ ನೋಡುವುದು ಇಲ್ಲಿಂದ ಶುರುವಾಗುತ್ತದೆ. ಬಿಗಿ ಇರುವ ಪಟ್ಟಿ ಕೆಲಸ ಮಾಡುತ್ತಿದೆ, ಜೋಲು ಬಿದ್ದದ್ದು ಸುಮ್ಮನೆ ಕೂತಿದೆ.

ಇನ್ನೊಂದು ತರಹದ ಬೀಳುವಿಕೆ ಉದ್ದ ಕಾಲಿನದು. ಕಾಲು ಬುಡದಲ್ಲಿ ಮುರಿಯುವುದಿಲ್ಲ, ನಡುವಲ್ಲಿ ಬಾಗಿ ಹೋಗುತ್ತದೆ. ಪ್ಲಾಸ್ಟಿಕ್ ಸ್ಕೇಲ್ ನಿಲ್ಲಿಸಿ ಮೇಲಿಂದ ಒತ್ತಿಸಿ, ಅದು ಬಿಲ್ಲಿನಂತೆ ಬಾಗುತ್ತದೆ. ಇನ್ನೊಬ್ಬರಿಗೆ ನಡುವೆ ಹಿಡಿದುಕೊಳ್ಳಲು ಹೇಳಿ ಮತ್ತೆ ಒತ್ತಿಸಿ, ಎಷ್ಟು ಗಟ್ಟಿಯಾಯಿತು ಅಂತ ಕೈಗೇ ಗೊತ್ತಾಗುತ್ತದೆ. 18ನೇ ಶತಮಾನದಲ್ಲಿ ಗಣಿತಜ್ಞ ಲಿಯೊನಾರ್ಡ್ ಆಯ್ಲರ್ ಇದಕ್ಕೆ ಲೆಕ್ಕ ಕೊಟ್ಟರು. ತೆಳುವಾದ ಕಂಬದ ಉದ್ದ ಎರಡು ಪಟ್ಟಾದರೆ ಅದು ಬಾಗದೆ ಹೊರುವ ಭಾರ ನಾಲ್ಕನೇ ಒಂದು ಪಾಲಿಗೆ ಇಳಿಯುತ್ತದೆ. ಕಾಲುಗಳನ್ನು ನಡುವೆ ಒಂದಕ್ಕೊಂದು ಕಟ್ಟಿದರೆ ಸಾಕು, ಅಷ್ಟೇ ಕಾಗದದಲ್ಲಿ ಬಹಳ ವ್ಯತ್ಯಾಸ.

ಬುಡದ ಬಗ್ಗೆ ಜಾಸ್ತಿ ಹೇಳಬೇಕಿಲ್ಲ, ಮಕ್ಕಳಿಗೆ ಬೇಗ ಹೊಳೆಯುತ್ತದೆ. ಮೂರು ಕಾಲಿನ ಗೋಪುರವನ್ನು ಮಾತ್ರ ಒಮ್ಮೆ ಮಾಡಿಸಿ ನೋಡಿ. ನಾಲ್ಕು ಕಾಲಿದ್ದರೆ ಒಂದು ಗಿಡ್ಡವಾಗಿ ಕುಂಟುತ್ತದೆ, ಮೂರು ಕಾಲು ಎಂಥ ನೆಲದ ಮೇಲೂ ಕುಂಟುವುದಿಲ್ಲ. ಹಾಳೆಯೂ ಉಳಿಯುತ್ತದೆ. ದುಬೈನ 828 ಮೀಟರ್ ಎತ್ತರದ ಬುರ್ಜ್ ಖಲೀಫಾ ಕಟ್ಟಡದಲ್ಲೂ ನಡುವಿನ ಕಂಬಕ್ಕೆ ಮೂರು ಕಡೆಯಿಂದ ಮೂರು ರೆಕ್ಕೆ ಆಸರೆ ಕೊಡುತ್ತವೆ ಅಂದರೆ ಮಕ್ಕಳ ಕಣ್ಣು ಅರಳುತ್ತದೆ.

ಮೊದಲ ಸುತ್ತಿಗೆ ಬಹುಮಾನ ಇಲ್ಲ, ಅಂಕವೂ ಇಲ್ಲ. ಎಲ್ಲರೂ ಎಲ್ಲರ ಗೋಪುರ ನೋಡಿದ ಮೇಲೆ ಹೊಸ ಹಾಳೆ, ಹೊಸ ಟೇಪ್ ಕೊಟ್ಟು ಎರಡನೇ ಸುತ್ತು. ನಕಲು ಮಾಡಬಹುದು. ನಕಲು ಅಂದರೆ ಮುಖ ಸಿಂಡರಿಸುವ ದೊಡ್ಡವರು ಇದ್ದಾರೆ, ನನಗೇನೂ ತೊಂದರೆ ಇಲ್ಲ. ಪಕ್ಕದವರ ಓರೆ ಪಟ್ಟಿ ಯಾಕೆ ಕೆಲಸ ಮಾಡಿತು ಅಂತ ಅರ್ಥವಾಗದೆ ನಕಲು ಮಾಡಿದರೆ ಅದೂ ಬೀಳುತ್ತದಲ್ಲ! ಈ ಸುತ್ತಿನಲ್ಲಿ ಎತ್ತರವನ್ನು ಸೆಂಟಿಮೀಟರಿನಲ್ಲಿ ಅಳೆದು, ಬಳಸಿದ ಹಾಳೆಗಳ ಸಂಖ್ಯೆಯಿಂದ ಭಾಗಿಸುತ್ತೇವೆ. 6 ಹಾಳೆಯಲ್ಲಿ 90 ಸೆಂಟಿಮೀಟರ್ ಕಟ್ಟಿದವರಿಗೆ 15, 10 ಹಾಳೆಯಲ್ಲಿ 120 ಕಟ್ಟಿದವರಿಗೆ 12. ಗಿಡ್ಡ ಗೋಪುರ ಗೆದ್ದಾಗ ಮೊದಲು ಪ್ರತಿಭಟನೆ, ಆಮೇಲೆ ಎಲ್ಲರೂ ಬೇಡದ ಕಡ್ಡಿ ಹುಡುಕಿ ಕೀಳಲು ಕೂರುತ್ತಾರೆ.

ಒಂದೇ ಮಗು ಎಲ್ಲ ಕೆಲಸ ಹಿಡಿದುಕೊಳ್ಳುವುದಕ್ಕೆ ನನ್ನ ಮದ್ದು: ಕತ್ತರಿ ಒಬ್ಬರ ಕೈಯಲ್ಲಿ, ಟೇಪ್ ಇನ್ನೊಬ್ಬರ ಕೈಯಲ್ಲಿ, ಚಪ್ಪಾಳೆ ಆದಾಗ ಅದಲು ಬದಲು. ಐದಾರು ವರ್ಷದವರಿಗೆ ಕೊಳವೆ ಸುತ್ತುವುದು ಆಗುವುದಿಲ್ಲ, ಅವರಿಗೆ ಕಾಗದದ ಲೋಟ ಮತ್ತು ರಟ್ಟಿನ ತುಂಡು ಕೊಡಿ.

ಸಮಯ ಉಳಿದರೆ ಟೇಬಲ್ ಫ್ಯಾನ್ ತರುತ್ತೇನೆ. ಐಫೆಲ್ ಗೋಪುರದ ಕಾಲುಗಳ ಬಾಗಿದ ಆಕಾರ ಗಾಳಿಯ ಲೆಕ್ಕದಿಂದ ಬಂದದ್ದು ಅಂತ ಗುಸ್ಟಾವ್ ಐಫೆಲ್ ಅವರೇ 1887ರಲ್ಲಿ ಹೇಳಿದ್ದರು. ಉಳಿದ ಹಾಳೆಯನ್ನು ಗೋಪುರದ ಸುತ್ತ ಗೋಡೆಯ ಹಾಗೆ ಹೊದಿಸಿದವರು ಫ್ಯಾನ್ ಮೊದಲ ನಂಬರಿಗೆ ತಿರುಗಿದಾಗಲೇ ಓಡಿ ಬಂದು ಅದನ್ನು ಕಿತ್ತುಹಾಕುತ್ತಾರೆ. ಬರೀ ಕಡ್ಡಿಗಳ ಗೋಪುರದ ನಡುವೆ ಗಾಳಿ ನುಗ್ಗಿ ಹೋಗುತ್ತದೆ. ಎರಡನೇ ನಂಬರಿಗೆ ಏನಾಗುತ್ತದೆ ಅಂತ ಮೊದಲೇ ಬರೆದಿಡಲು ಹೇಳಿ, ಆಮೇಲೆ ಗುಂಡಿ ಒತ್ತಿ.