ಡಬಲ್ ಮಾರ್ಕರ್ ರಿಪೋರ್ಟ್‌ನಲ್ಲಿ ಮಾಸಿನ ಸಾಲನ್ನೂ ಓದಿ

ಗರ್ಭದ ಮೂರನೇ ತಿಂಗಳಲ್ಲಿ ಮಾಡಿಸುವ ರಕ್ತ ಪರೀಕ್ಷೆ ಡಬಲ್ ಮಾರ್ಕರ್. ಅದರ ರಿಪೋರ್ಟ್ ಬಂದ ಕೂಡಲೇ ಎಲ್ಲರೂ ಹುಡುಕುವುದು ಡೌನ್ ಸಿಂಡ್ರೋಮ್ ಸಾಲನ್ನು. 'ಲೋ ರಿಸ್ಕ್' ಅಂತ ಕಂಡರೆ ಮುಗಿಯಿತು, ಫೈಲಿಗೆ ಸೇರಿಸಿಬಿಡುತ್ತಾರೆ. ಅದೇ ಹಾಳೆಯಲ್ಲಿ ಪಿಎಪಿಪಿ-ಎ ಅಂತ ಇನ್ನೊಂದು ಸಾಲಿರುತ್ತದೆ. ಅದು ಮಾಸು, ಅಂದರೆ ಪ್ಲಸೆಂಟಾ, ತಯಾರಿಸುವ ಪ್ರೋಟೀನು. ತೀರಾ ಕಡಿಮೆ ಇದ್ದರೆ ಮುಂದೆ ಬಿಪಿ ಏರುವ, ಮಗುವಿನ ಬೆಳವಣಿಗೆ ಕುಂಠಿತವಾಗುವ ಸಾಧ್ಯತೆ ಜಾಸ್ತಿ.

ಮೊದಲು ಎನ್‌ಟಿ ಸ್ಕ್ಯಾನ್ (ಮಗುವಿನ ಕತ್ತಿನ ಹಿಂದಿನ ನೀರಿನ ಪದರ ಅಳೆಯುವುದು), 11 ವಾರದಿಂದ 13 ವಾರ 6 ದಿನದೊಳಗೆ. ಸಾಧ್ಯವಾದರೆ ಅದೇ ದಿನ ರಕ್ತವನ್ನೂ ಕೊಡಿ. ಖಾಲಿ ಹೊಟ್ಟೆಯಲ್ಲಿ ಹೋಗಬೇಕಿಲ್ಲ.

ಆಮೇಲೆ ಫಾರಂ. ಕೆಲಸ ಕೆಡುವುದು ಇಲ್ಲೇ. ಲ್ಯಾಬಿನವರು ನಿಮ್ಮ ಅಂಕಿಯನ್ನು ಅಷ್ಟೇ ವಾರದ ಗರ್ಭಿಣಿಯರ ಮಧ್ಯದ ಅಂಕಿಗೆ ಹೋಲಿಸಿ 'ಎಂಒಎಂ' ಲೆಕ್ಕ ಹಾಕುತ್ತಾರೆ, 1 ಅಂದರೆ ಸರಿಯಾಗಿ ಮಧ್ಯದಲ್ಲಿದೆ ಅಂತ. ಪಿಎಪಿಪಿ-ಎ ದಿನದಿಂದ ದಿನಕ್ಕೆ ಏರುತ್ತಾ ಹೋಗುವುದರಿಂದ, 11 ವಾರದ ಗರ್ಭವನ್ನು 12 ಅಂತ ಬರೆದರೆ ಸರಿಯಿದ್ದದ್ದೂ ಕಡಿಮೆ ಅಂತ ಬರುತ್ತದೆ. ಹಾಗಾಗಿ ಮುಟ್ಟಿನ ತಾರೀಕು ನಂಬಿ ಕೂರಬೇಡಿ, ಸ್ಕ್ಯಾನ್ ಹಾಳೆಯ ಸಿಆರ್‌ಎಲ್ (ಮಗುವಿನ ತಲೆಯಿಂದ ಪೃಷ್ಠದವರೆಗಿನ ಉದ್ದ) ಮಿಲಿಮೀಟರ್ ಅಂಕಿಯನ್ನೇ ಕೊಡಿ. ತೂಕವನ್ನು ಅಲ್ಲೇ ನಿಂತು ನೋಡಿಸಿ. ಕೌಂಟರಿನಲ್ಲಿ 'ಅಂದಾಜು 55 ಹಾಕ್ಲಾ ಮೇಡಂ' ಅಂದರೆ ಬೇಡ ಅನ್ನಿ: 68 ಕೆಜಿ ಇರುವವರಿಗೆ 55 ಬರೆದರೂ ಅಂಕಿ ಸುಮ್ನೆ ಕೆಳಗಿಳಿಯುತ್ತದೆ. ಅವಳಿ, ಐವಿಎಫ್, ಸಕ್ಕರೆ ಕಾಯಿಲೆ, ಸಿಗರೇಟು, ಯಾವುದನ್ನೂ ಮುಚ್ಚಿಡಬೇಡಿ. ರಿಪೋರ್ಟ್ ಬಂದಾಗ ಮೇಲ್ಗಡೆ ಇವೆಲ್ಲ ಅಚ್ಚಾಗಿರುತ್ತವೆ, ಒಂದೊಂದನ್ನೇ ತಾಳೆ ನೋಡಿ. ತಪ್ಪಿದ್ದರೆ ಮತ್ತೆ ಲೆಕ್ಕ ಹಾಕಿಸಿ, ಅದಕ್ಕೆ ಹೊಸದಾಗಿ ರಕ್ತ ಕೊಡಬೇಕಿಲ್ಲ.

ಪಿಎಪಿಪಿ-ಎ 0.4 ಎಂಒಎಂಗಿಂತ ಕಡಿಮೆಯೇ? ಗಾಬರಿ ಬೇಡ, ಇಂಥ ಎಷ್ಟೋ ತಾಯಂದಿರಿಗೆ ಆರೋಗ್ಯವಂತ ಮಕ್ಕಳೇ ಹುಟ್ಟುತ್ತವೆ. ಆದರೆ ಮುಂದಿನ ಚೆಕಪ್‌ವರೆಗೆ ಕಾಯದೆ ಆ ವಾರವೇ ಡಾಕ್ಟರಿಗೆ ತೋರಿಸಿ. ಅವರು ಬಿಪಿ, ಗರ್ಭಕೋಶದ ರಕ್ತನಾಳದ ಡಾಪ್ಲರ್ (ರಕ್ತ ಹರಿಯುವುದನ್ನು ನೋಡುವ ಸ್ಕ್ಯಾನ್), ಪಿಎಲ್‌ಜಿಎಫ್ ಅನ್ನುವ ಇನ್ನೊಂದು ಮಾಸಿನ ಪ್ರೋಟೀನು ಎಲ್ಲ ಸೇರಿಸಿ ನೋಡಿ, ಅಪಾಯ ಜಾಸ್ತಿ ಅನ್ನಿಸಿದರೆ ರಾತ್ರಿ ಹೊತ್ತು 150 ಮಿಲಿಗ್ರಾಂ ಆಸ್ಪಿರಿನ್ ಕೊಡಬಹುದು. 2017ರ ಆಸ್ಪ್ರೆ ಅಧ್ಯಯನದಲ್ಲಿ 37 ವಾರಕ್ಕೆ ಮೊದಲಿನ ಪ್ರಿಎಕ್ಲಾಂಪ್ಸಿಯಾ (ಗರ್ಭಿಣಿಯರಿಗೆ ಬಿಪಿ ಏರಿ ಅಂಗಗಳಿಗೆ ತೊಂದರೆಯಾಗುವ ಕಾಯಿಲೆ) ಇದರಿಂದ ಸುಮಾರು 62% ಇಳಿದಿತ್ತು. ಅದನ್ನು 16 ವಾರದೊಳಗೇ ಶುರು ಮಾಡಬೇಕು, ಅದಕ್ಕೇ ಈ ಅವಸರ. ಮೆಡಿಕಲ್ ಶಾಪಿನಿಂದ ನೀವೇ ತಂದು ನುಂಗಬೇಡಿ.

20 ವಾರದ ಮೇಲೆ ಬಿಪಿ ಏರಿದರೆ ಅಥವಾ ಮೂತ್ರದಲ್ಲಿ ಪ್ರೋಟೀನ್ ಕಂಡರೆ ಎಸ್‌ಎಫ್‌ಎಲ್‌ಟಿ-1 (ಇದೂ ಮಾಸಿನ ಪ್ರೋಟೀನೇ) ಮತ್ತು ಪಿಎಲ್‌ಜಿಎಫ್ ರೇಶಿಯೊ ಮಾಡಿಸುತ್ತಾರೆ. ರೋಶ್ ಕಂಪನಿಯ ಮೆಷಿನ್ನಿನಲ್ಲಿ 38 ಅಥವಾ ಅದಕ್ಕಿಂತ ಕಡಿಮೆ ಬಂದರೆ ಮುಂದಿನ ಒಂದು ವಾರ ಪ್ರಿಎಕ್ಲಾಂಪ್ಸಿಯಾ ಬರುವ ಸಾಧ್ಯತೆ ತೀರಾ ಕಡಿಮೆ. 34 ವಾರಕ್ಕೆ ಮೊದಲೇ 85 ದಾಟಿದರೆ ಅನುಮಾನ ಬಲವಾಗುತ್ತದೆ. ಬೇರೆ ಮೆಷಿನ್ನಿನ ಅಂಕಿ ಬೇರೆ, ಆದ್ದರಿಂದ ಮತ್ತೆ ಮಾಡಿಸುವುದಾದರೆ ಅದೇ ಲ್ಯಾಬಿನಲ್ಲೇ ಮಾಡಿಸಿ. ಏನೂ ತೊಂದರೆ ಇಲ್ಲದವರಿಗೆ ತಿಂಗಳಿಗೊಮ್ಮೆ ಇದನ್ನು ಸೇರಿಸಿ ಮಾರುವ ಪ್ಯಾಕೇಜ್ ದುಡ್ಡಿಗೆ ದಂಡ.

ಆ ದುಡ್ಡಿಗೆ ತೋಳಿಗೆ ಕಟ್ಟುವ ಒಳ್ಳೆ ಬಿಪಿ ಮೆಷಿನ್ ತಗೊಳ್ಳಿ, ಮಣಿಕಟ್ಟಿನದು ಬೇಡವೇ ಬೇಡ. ಬರೆದಿಟ್ಟ ಅಂಕಿಗಳನ್ನು ತಾಯಿ ಕಾರ್ಡಿನ ಜೊತೆ ಚೆಕಪ್‌ಗೆ ಒಯ್ಯಿರಿ. 140/90 ಮುಟ್ಟಿದರೆ, ತಡೆಯಲಾರದ ತಲೆನೋವು ಬಂದರೆ, ಕಣ್ಣು ಮಂಜಾದರೆ, ಪಕ್ಕೆಲುಬಿನ ಕೆಳಗೆ ನೋವಾದರೆ ಆಗಲೇ ಆಸ್ಪತ್ರೆಗೆ ಹೊರಡಿ. ಹೋದ ವಾರ ರೇಶಿಯೊ ಚೆನ್ನಾಗೇ ಇತ್ತಲ್ವಾ ಅಂತ ಮನೆಯಲ್ಲಿ ಕೂರಬೇಡಿ.