ತಪ್ಪು ಟೆನ್ಷನ್‌ದಲ್ಲ, ನನ್ನ ಕೈಯದು

ನನ್ನದು ಮನೆಬಳಕೆಯ ಸಾದಾ ಹೊಲಿಗೆ ಮಷೀನು. ಬಟ್ಟೆ ತಳ್ಳುವ ಹಲ್ಲುಗಳನ್ನು ಕೆಳಗಿಳಿಸಿ, ಬಟ್ಟೆಯನ್ನು ಸಡಿಲವಾಗಿ ಹಿಡಿಯುವ ಡಾರ್ನಿಂಗ್ ಫುಟ್ ಹಾಕಿ, 90/14 ಅಳತೆಯ ಸೂಜಿ ಸಿಕ್ಕಿಸಿ ಫ್ರೀ ಮೋಷನ್ ಕ್ವಿಲ್ಟಿಂಗ್, ಅಂದರೆ ಕೌದಿಯಂಥ ಪದರದ ಬಟ್ಟೆಯನ್ನು ಕೈಯಿಂದಲೇ ಬೇಕಾದತ್ತ ಸರಿಸುತ್ತಾ ಹೊಲಿಯುವುದನ್ನು ಶುರು ಮಾಡಿದೆ. ಮೇಲ್ಗಡೆ ಬಳ್ಳಿ ಹಬ್ಬಿದಂಥ ಗೆರೆ ಚೆಂದವಾಗೇ ಬಂತು. ತಿರುಗಿಸಿ ನೋಡಿದರೆ ಎದೆ ಧಸಕ್ಕೆಂದಿತು. ಪ್ರತಿ ತಿರುವಿನಲ್ಲೂ ಮೇಲಿನ ದಾರ ಕೆಳಗೆ ಜಗ್ಗಿ ಬಂದು, ಕಣ್ಣಿನ ರೆಪ್ಪೆಗೂದಲಿನ ಹಾಗೆ ಸಾಲಾಗಿ ನಿಂತಿತ್ತು.

ಎಲ್ಲರಂತೆ ನಾನೂ ಮೇಲಿನ ದಾರದ ಬಿಗಿ ಹೆಚ್ಚುಕಡಿಮೆ ಮಾಡುವ ಟೆನ್ಷನ್ ಗುಂಡಿಗೇ ಕೈ ಹಾಕಿದೆ. 4 ಇದ್ದದ್ದನ್ನು 5 ಮಾಡಿದೆ, 6 ಮಾಡಿದೆ. ದಾರ ಪಟ್ಟಂತ ಕಡಿಯಿತೇ ಹೊರತು ರೆಪ್ಪೆ ಹೋಗಲಿಲ್ಲ. ಕೊನೆಗೆ ಚೂರುಬಟ್ಟೆಗಳ ನಡುವೆ ಬ್ಯಾಟಿಂಗ್ (ಕ್ವಿಲ್ಟಿನೊಳಗಿನ ಮೆತ್ತನೆಯ ಪದರ) ಇಟ್ಟು, ಮೇಲೆ ಕೆಂಪು ದಾರ, ಅಡಿಯ ದಾರ ಸುತ್ತಿಡುವ ಬಾಬಿನ್‌ಗೆ ಬಿಳಿ ದಾರ ಹಾಕಿ ಹೊಲಿದೆ. ಅಡಿಯಲ್ಲಿ ನೇರ ಗೆರೆ ಇದ್ದ ಕಡೆಯೆಲ್ಲ ಶುದ್ಧ ಬಿಳಿ. ತಿರುವಿನಲ್ಲಿ ಮಾತ್ರ ಕೆಂಪು ಕುಣಿಕೆಗಳು. ಟೆನ್ಷನ್ ಒಂದೇ ಕಾರಣವಾಗಿದ್ದರೆ ನೇರ ಗೆರೆಯಲ್ಲೂ ಕೆಂಪು ಕಾಣಬೇಕಿತ್ತಲ್ಲ?

ಆಗ ನನ್ನ ಕೈಯನ್ನೇ ಗಮನಿಸಿದೆ. ಹೆದರಿಕೆಗೆ ಪೆಡಲ್ಲನ್ನು ಮೆತ್ತಗೆ ಒತ್ತುತ್ತಿದ್ದೆ, ತಿರುವು ಬಂದ ಕೂಡಲೇ ಬಟ್ಟೆಯನ್ನು ಗಿರ್ರನೆ ತಿರುಗಿಸಿಬಿಡುತ್ತಿದ್ದೆ. ಸೂಜಿ ನಿಧಾನ, ಕೈ ಜೋರು. ಅಲ್ಲಿ ಹೊಲಿಗೆ ಉದ್ದವಾಗುತ್ತದೆ, ಬಾಬಿನ್ ದಾರ ತಿರುವಿನ ಒಳಬದಿಗೆ ಅಡ್ಡದಾರಿ ಹಿಡಿದು ಬಿಗಿಯಾಗಿ ಮಲಗುತ್ತದೆ, ಮೇಲಿನ ದಾರವನ್ನೂ ತನ್ನತ್ತ ಎಳೆದುಕೊಳ್ಳುತ್ತದೆ.

ಹಲ್ಲು ಇಳಿಸಿದ ಮೇಲೆ ಹೊಲಿಗೆ ಎಷ್ಟುದ್ದ ಅಂತ ತೀರ್ಮಾನಿಸುವವರು ನಾವೇ. ಮಷೀನು ನಿಮಿಷಕ್ಕೆ 600 ಹೊಲಿಗೆ ಹಾಕುತ್ತಿದೆ, ನಮಗೆ ಇಂಚಿಗೆ 10 ಬೇಕು ಅಂದುಕೊಳ್ಳಿ. ಆಗ ಕೈ ಸೆಕೆಂಡಿಗೆ ಒಂದೇ ಇಂಚು ಸರಿಯಬೇಕು. ಲೆಕ್ಕ ಹಾಕಿ ನೋಡುವವರೆಗೂ ನನ್ನ ಕೈ ಎಷ್ಟು ಓಡುತ್ತಿದೆ ಅಂತ ನನಗೇ ಗೊತ್ತಿರಲಿಲ್ಲ. ಈಗ ಪೆಡಲ್ ಒಂದೇ ಸಮ, ಸ್ವಲ್ಪ ಜೋರಾಗೇ ಒತ್ತುತ್ತೇನೆ. ತಿರುವಿನಲ್ಲಿ ಕೈಯನ್ನು ಬೇಕಂತಲೇ ತಡೆಯುತ್ತೇನೆ. ಒಂದು ವಾರ ದಿನಾ ಹತ್ತು ನಿಮಿಷ ಚೂರುಬಟ್ಟೆಯ ಮೇಲೆ ತಿದ್ದಿದ ಮೇಲೆ ಕೈಗೆ ಅದು ಹತ್ತಿತು.

ದೊಡ್ಡ ಕ್ವಿಲ್ಟಿಗೆ ಬಂದಾಗ ಇನ್ನೊಂದು ಕಾಟ. ಮೇಜಿನಾಚೆ ಜೋತುಬಿದ್ದ ಭಾಗದ ಭಾರ ಬಟ್ಟೆಯನ್ನು ಹಿಂದಕ್ಕೆ ಜಗ್ಗುತ್ತದೆ, ಕೈ ತಡೆತಡೆದು ಜಿಗಿಯುತ್ತದೆ. ಪಕ್ಕಕ್ಕೊಂದು ಮೇಜು ಸೇರಿಸಿದೆ. ರಬ್ಬರ್ ಹಿಡಿತದ ಕೈಗವಸು ಮೊದಲು ಶೋಕಿ ಅನ್ನಿಸಿತ್ತು, ಈಗ ಅದಿಲ್ಲದೆ ಕೂರುವುದಿಲ್ಲ. ಆದರೂ ಫುಟ್ ಕೆಳಗಿಳಿಸುವುದನ್ನು ಮರೆತು, ಅಡಿಯಲ್ಲಿ ಹಕ್ಕಿಗೂಡಿನಷ್ಟು ದಾರ ಸುತ್ತಿಸಿಕೊಳ್ಳುವುದು ಇವತ್ತಿಗೂ ತಪ್ಪಿಲ್ಲ.

ಆ ಮೊದಲ ಕ್ವಿಲ್ಟಿನ ರೆಪ್ಪೆಸಾಲುಗಳನ್ನು ಕೂತು ಬಿಚ್ಚಿದೆ. ಅದೊಂದೇ ಸಲೀಸಾಗಿದ್ದದ್ದು. ಬಾಬಿನ್ ದಾರದ ತುದಿ ಹಿಡಿದೆಳೆದರೆ ಇಡೀ ತಿರುವು ಸರಕ್ಕನೆ ಬಿಚ್ಚಿ ಬರುತ್ತಿತ್ತು.