ಎಚ್‌ಐವಿ ಜೊತೆ ಲಿಂಫೋಮಾ: ಸಿಬಿಸಿ ರಿಪೋರ್ಟನ್ನು ನಾನು ಓದುವ ಬಗೆ

ಬೆಂಗಳೂರಿನ ಆಸ್ಪತ್ರೆಯೊಂದರಲ್ಲಿ ರಕ್ತದ ಕ್ಯಾನ್ಸರ್ ನೋಡುವ ವೈದ್ಯೆ ನಾನು. ಎಚ್‌ಐವಿ ಇದ್ದು ಲಿಂಫೋಮಾ (ದುಗ್ಧಗ್ರಂಥಿಯ ಕ್ಯಾನ್ಸರ್) ಬಂದವರು ಕೋಲಾರ, ತುಮಕೂರು, ಮಂಡ್ಯದ ಕಡೆಯಿಂದ ಪ್ಲಾಸ್ಟಿಕ್ ಕವರಿನಲ್ಲಿ ಹಳೇ ರಿಪೋರ್ಟುಗಳನ್ನೆಲ್ಲ ತುಂಬಿಕೊಂಡು ಬರುತ್ತಾರೆ. ಕುತ್ತಿಗೆಯ ಗಂಟನ್ನು ಟಿಬಿ ಎಂದುಕೊಂಡು ತಿಂಗಳುಗಟ್ಟಲೆ ಮಾತ್ರೆ ನುಂಗಿದವರು ಅವರಲ್ಲಿ ಕಡಿಮೆಯಿಲ್ಲ. ಬಯಾಪ್ಸಿ ಆಗುವ ಹೊತ್ತಿಗೆ ಕಾಯಿಲೆ ಹರಡಿರುತ್ತದೆ. ಆ ಕವರಿನಲ್ಲಿ ಖಂಡಿತ ಸಿಗುವುದು ಸಿಬಿಸಿ, ಅಂದರೆ ರಕ್ತಕಣಗಳ ಎಣಿಕೆಯ ರಿಪೋರ್ಟು.

ನ್ಯೂಟ್ರೊಫಿಲ್, ಲಿಂಫೊಸೈಟ್ ಎರಡು ಬಗೆಯ ಬಿಳಿರಕ್ತಕಣಗಳು. ನ್ಯೂಟ್ರೊಫಿಲ್ ಎಣಿಕೆಯನ್ನು ಲಿಂಫೊಸೈಟ್ ಎಣಿಕೆಯಿಂದ ಭಾಗಿಸಿದರೆ ಬರುವ ಅನುಪಾತ ಹೆಚ್ಚಿದ್ದಷ್ಟೂ ರೋಗಿ ಬದುಕುವ ಅವಧಿ ಕಡಿಮೆ ಎಂದು ಹಲವು ಕ್ಯಾನ್ಸರ್‌ಗಳಲ್ಲಿ ಕಂಡುಬಂದಿದೆ. ಇದಕ್ಕೆ ಹೊಸ ಪರೀಕ್ಷೆ ಬೇಡ, ಖರ್ಚೂ ಇಲ್ಲ. ನಮ್ಮ ಎಚ್‌ಐವಿ ರೋಗಿಗಳಿಗೂ ಇದನ್ನು ಹಾಗೇ ಅನ್ವಯಿಸಬಹುದೇ ಎಂದು ತಿಳಿಯಲು ಹಳೆಯ ಫೈಲುಗಳನ್ನು ತೆಗೆದು ಕೂತೆ.

ಮೊದಲ ಪ್ರಶ್ನೆ: ಯಾವ ದಿನದ ಸಿಬಿಸಿ? ನಮ್ಮಲ್ಲಿ ಗಂಟಲು ಬಿಗಿದವರಿಗೆ, ಉಸಿರಾಟಕ್ಕೆ ಕಷ್ಟವಾದವರಿಗೆ ಊರಿನ ಕ್ಲಿನಿಕ್ಕಿನಲ್ಲೇ ಡೆಕ್ಸಾ ಎಂಬ ಸ್ಟೀರಾಯ್ಡ್ ಇಂಜೆಕ್ಷನ್ ಬಿದ್ದಿರುತ್ತದೆ. ಸ್ಟೀರಾಯ್ಡ್ ಕೊಟ್ಟ ಕೆಲವೇ ಗಂಟೆಗಳಲ್ಲಿ ರಕ್ತನಾಳದ ಗೋಡೆಗೆ ಅಂಟಿಕೊಂಡಿದ್ದ ನ್ಯೂಟ್ರೊಫಿಲ್‌ಗಳು ಹರಿಯುವ ರಕ್ತಕ್ಕೆ ಇಳಿಯುತ್ತವೆ, ಲಿಂಫೊಸೈಟ್‌ಗಳು ರಕ್ತ ಬಿಟ್ಟು ಅಂಗಾಂಶಗಳಿಗೆ ಸರಿಯುತ್ತವೆ. ಅನುಪಾತ ಏಕಾಏಕಿ ಏರುತ್ತದೆ, ಗಡ್ಡೆ ಮಾತ್ರ ನಿನ್ನೆ ಇದ್ದಷ್ಟೇ ಇರುತ್ತದೆ. ಹಾಗಾಗಿ ಸ್ಟೀರಾಯ್ಡ್‌ಗೂ ಕೀಮೊಗೂ ಮುಂಚಿನ ಸಿಬಿಸಿ ಸಿಕ್ಕಿದವರನ್ನಷ್ಟೇ ಅನುಪಾತದ ಲೆಕ್ಕಕ್ಕೆ ತೆಗೆದುಕೊಂಡೆ. ಅಂಥ ರಿಪೋರ್ಟು ಎಷ್ಟೋ ಸಲ ನಮ್ಮ ಫೈಲಿನಲ್ಲಿ ಇರಲಿಲ್ಲ, ರೋಗಿಯ ಕವರಿನಲ್ಲಿ ಸಿಕ್ಕಿತು.

ಎರಡನೆಯದು ನನ್ನ ಮಟ್ಟಿಗೆ ಇಡೀ ವಿಷಯದ ತಿರುಳು. ಎಚ್‌ಐವಿ ಇಲ್ಲದ ಒಬ್ಬರಿಗೆ ನ್ಯೂಟ್ರೊಫಿಲ್ 6000, ಲಿಂಫೊಸೈಟ್ 2000 ಇದ್ದರೆ ಅನುಪಾತ 3. ಎಚ್‌ಐವಿ ಇರುವ ಇನ್ನೊಬ್ಬರಿಗೆ ಅದೇ 6000 ನ್ಯೂಟ್ರೊಫಿಲ್, ಲಿಂಫೊಸೈಟ್ ಮಾತ್ರ 600. ಅನುಪಾತ 10. ಇಲ್ಲಿ ಬದಲಾಗಿರುವುದು ಕೆಳಗಿನ ಅಂಕಿ. ಅದನ್ನು ಇಳಿಸಿದ್ದು ಲಿಂಫೋಮಾವೋ ವೈರಸ್ಸೋ ಎಂದು ಅನುಪಾತ ಹೇಳುವುದಿಲ್ಲ. ಇದಕ್ಕಿಂತ ಅಪಾಯದ್ದು ತದ್ವಿರುದ್ಧ ಸ್ಥಿತಿ. ನ್ಯೂಟ್ರೊಫಿಲ್ 1200, ಲಿಂಫೊಸೈಟ್ 600 ಇರುವವರ ಅನುಪಾತ ಬರೀ 2. ಹಾಳೆಯ ಮೇಲೆ ಒಳ್ಳೆಯದೆಂದೇ ಕಾಣುತ್ತದೆ. ಆದರೆ ಅಸ್ಥಿಮಜ್ಜೆ ಸೋತಿರುವ ಈ ವ್ಯಕ್ತಿಗೆ ಮೊದಲ ಕೀಮೊ ಸುತ್ತಿನಲ್ಲೇ ಜ್ವರ ಬಂದು ಐಸಿಯು ಸೇರುವ ಸಾಧ್ಯತೆ ಹೆಚ್ಚು. ಅದಕ್ಕೇ ನಾನು ಅನುಪಾತವನ್ನಷ್ಟೇ ಬರೆದು ಬಿಡುವುದಿಲ್ಲ. ಎರಡೂ ಎಣಿಕೆಗಳನ್ನು ಬೇರೆಬೇರೆಯಾಗಿ ಬರೆದು ಪಕ್ಕದಲ್ಲಿ ಸಿಡಿ4 (ಎಚ್‌ಐವಿ ನಾಶಮಾಡುವ ಲಿಂಫೊಸೈಟ್‌ಗಳ ಎಣಿಕೆ), ವೈರಲ್ ಲೋಡ್ (ರಕ್ತದಲ್ಲಿರುವ ವೈರಸ್ಸಿನ ಪ್ರಮಾಣ) ಬರೆಯುತ್ತೇನೆ. ಒಟ್ಟು ಲಿಂಫೊಸೈಟ್ ನೋಡಿ ಸಿಡಿ4 ಇಷ್ಟಿರಬಹುದು ಎಂದು ಊಹಿಸುವುದೂ ಬೇಡ. ಇನ್ನೊಂದು ಬಗೆಯ ಲಿಂಫೊಸೈಟ್ ಆದ ಸಿಡಿ8 ಕಣಗಳು ಹೆಚ್ಚಿದ್ದರೆ ಒಟ್ಟು ಎಣಿಕೆ ಚೆನ್ನಾಗಿಯೇ ಇರುತ್ತದೆ.

ಹಿಮೋಗ್ಲೋಬಿನ್ ಇಳಿಯಲು ಕಬ್ಬಿಣದ ಕೊರತೆ, ಟಿಬಿ, ಎಚ್‌ಐವಿಗೆ ಕೊಡುವ ಜಿಡೋವುಡಿನ್ ಮಾತ್ರೆ, ಮಜ್ಜೆಗೆ ಹೊಕ್ಕ ಲಿಂಫೋಮಾ ಎಲ್ಲವೂ ಕಾರಣವಾಗಬಲ್ಲವು. ಪ್ಲೇಟ್‌ಲೆಟ್ ಬಗ್ಗೆ ಒಂದು ಮಾತು. ಮೆಷಿನ್ 40,000 ಎಂದು ತೋರಿಸಿದ ರೋಗಿಯೊಬ್ಬರ ಸ್ಮಿಯರನ್ನು (ಗಾಜಿನ ಮೇಲೆ ಸವರಿದ ರಕ್ತವನ್ನು) ಮೈಕ್ರೋಸ್ಕೋಪಿನಡಿ ಇಟ್ಟರೆ, ಗಾಜಿನ ಅಂಚಿಗುಂಟ ಪ್ಲೇಟ್‌ಲೆಟ್‌ಗಳು ಗುಂಪುಗುಂಪಾಗಿ ಅಂಟಿಕೊಂಡಿದ್ದವು. ರಕ್ತ ಹೆಪ್ಪುಗಟ್ಟದಂತೆ ಇಡಿಟಿಎ ಹಾಕಿದ ಟ್ಯೂಬಿನಲ್ಲಿ ಕೆಲವರಿಗೆ ಹೀಗಾಗುತ್ತದೆ, ಮೆಷಿನ್ನಿಗೆ ಆ ಗುಂಪುಗಳು ಎಣಿಕೆಗೆ ಸಿಗುವುದಿಲ್ಲ. ಸಿಟ್ರೇಟ್ ಟ್ಯೂಬಿನಲ್ಲಿ ಮತ್ತೆ ರಕ್ತ ತೆಗೆಸಿದಾಗ ಎಣಿಕೆ ಸರಿಯಾಗಿಯೇ ಇತ್ತು. ಸ್ಮಿಯರ್ ನೋಡದ ಪ್ಲೇಟ್‌ಲೆಟ್ ಅಂಕಿಯನ್ನು ನಾನು ಲೆಕ್ಕಕ್ಕೆ ಹಾಕಲಿಲ್ಲ.

ಯಾರು ಎಷ್ಟು ಕಾಲ ಬದುಕಿದರು ಎಂದು ತಿಳಿಯುವುದು ಇದೆಲ್ಲಕ್ಕಿಂತ ಕಷ್ಟ. ಕೀಮೊ ಶುರುವಾಗುವ ಮೊದಲೇ ತೀರಿಕೊಂಡವರನ್ನು ಬಿಟ್ಟರೆ ಫಲಿತಾಂಶ ಸುಳ್ಳು ಹೇಳುತ್ತದೆ, ಆದ್ದರಿಂದ ರೋಗ ಪತ್ತೆಯಾದ ದಿನದಿಂದಲೇ ಎಣಿಸಿದೆ. ಬರುವುದನ್ನು ನಿಲ್ಲಿಸಿದವರಿಗೆ ನಾನೇ ಫೋನ್ ಮಾಡಿದೆ. ಬೇರೆಯವರು ಎತ್ತಿಕೊಂಡರೆ ಕಾಯಿಲೆಯ ಹೆಸರಾಗಲಿ ಆಸ್ಪತ್ರೆಯ ಹೆಸರಾಗಲಿ ಬಾಯಿಗೆ ಬರಕೂಡದು. 2017ರ ಎಚ್‌ಐವಿ ಕಾಯ್ದೆ ಗೋಪ್ಯತೆಯನ್ನು ರೋಗಿಯ ಹಕ್ಕೆಂದೇ ಹೇಳುತ್ತದೆ. “ಅವರು ಬಂದ್ಮೇಲೆ ಮತ್ತೆ ಮಾಡ್ತೀನಮ್ಮ” ಎಂದಷ್ಟೇ ಹೇಳಿ ಇಡುತ್ತಿದ್ದೆ. ಸುದ್ದಿ ಸಿಗದವರನ್ನು ಬದುಕಿದ್ದಾರೆ ಎಂದೂ ಬರೆಯಲಿಲ್ಲ, ಇಲ್ಲ ಎಂದೂ ಬರೆಯಲಿಲ್ಲ. ಕೊನೆಯ ಸಲ ಬಂದು ಹೋದ ದಿನಕ್ಕೆ ಅವರ ಲೆಕ್ಕ ನಿಲ್ಲಿಸಿದೆ. ಸಾವಿಗೆ ಕಾರಣ ಲಿಂಫೋಮಾವೋ ಸೋಂಕೋ ಎಂಬುದನ್ನೂ ಗೊತ್ತಾದಲ್ಲೆಲ್ಲ ಬರೆದುಕೊಂಡೆ, ಏಕೆಂದರೆ ಸೋಂಕಿನ ಸಾವನ್ನು ತಡೆಯಲು ನಮ್ಮ ಕೈಯಲ್ಲಿ ದಾರಿಗಳಿವೆ.

ಅನುಪಾತದ ಗಡಿ ಎಷ್ಟು ಎಂಬುದನ್ನು ಸಾವಿನ ಪಟ್ಟಿ ತೆರೆಯುವ ಮೊದಲೇ ನಿಗದಿ ಮಾಡಿಕೊಂಡೆ. ಫಲಿತಾಂಶ ನೋಡಿಕೊಂಡು ಗಡಿ ಹಾಕಿದರೆ ಯಾವ ಅಂಕಿಯನ್ನಾದರೂ ಮುಖ್ಯವೆಂದು ತೋರಿಸಬಹುದು. ನಮ್ಮಂಥ ಸಣ್ಣ ಗುಂಪಿನಲ್ಲಿ ಹತ್ತಾರು ಅಂಶಗಳನ್ನು ಒಟ್ಟಿಗೆ ತೂಗಲೂ ಆಗುವುದಿಲ್ಲ.

ಇಷ್ಟು ಮಾಡಿದ ಮೇಲೆ ನನ್ನ ನಿಲುವು ಗಟ್ಟಿಯಾಗಿದೆ. ಅನುಪಾತ ನೋಡಿ ಯಾರಿಗೂ ಚಿಕಿತ್ಸೆ ನಿರಾಕರಿಸಬಾರದು. 1993ರಿಂದ ಬಳಕೆಯಲ್ಲಿರುವ ಐಪಿಐ ಎಂಬ ಅಪಾಯದ ಅಂಕಪಟ್ಟಿ ವಯಸ್ಸು, ಕಾಯಿಲೆಯ ಹಂತ, ರಕ್ತದಲ್ಲಿನ ಎಲ್‌ಡಿಎಚ್ ಕಿಣ್ವ, ರೋಗಿಯ ಓಡಾಟದ ಶಕ್ತಿ, ದುಗ್ಧಗ್ರಂಥಿಯ ಹೊರಗೆ ಹರಡಿದ ಜಾಗಗಳನ್ನು ಎಣಿಸುತ್ತದೆ. ಎಚ್‌ಐವಿ ಇರುವವರಲ್ಲಿ ಅದರ ಜೊತೆಗೆ ಸಿಡಿ4 100ಕ್ಕಿಂತ ಕೆಳಗಿದೆಯೇ ಎಂದು ನೋಡುತ್ತೇನೆ. 2004ರಲ್ಲಿ ದೇಶದಲ್ಲಿ ಉಚಿತ ಎಆರ್‌ಟಿ (ಎಚ್‌ಐವಿ ಹತ್ತಿಕ್ಕುವ ಔಷಧ) ಶುರುವಾದ ಮೇಲೆ, ಔಷಧ ತಪ್ಪಿಸದೆ ತೆಗೆದುಕೊಳ್ಳುವವರು ಪೂರ್ತಿ ಕೀಮೊ ತಡೆದುಕೊಂಡು ಗುಣವಾಗುವುದನ್ನು ನಾವು ಕಣ್ಣಾರೆ ಕಾಣುತ್ತಿದ್ದೇವೆ. ಎಣಿಕೆಗಳು ನನಗೆ ಬೇಕಿರುವುದು ತಯಾರಿಗೆ. ಯಾರಿಗೆ ಮೊದಲ ಸುತ್ತಿನಿಂದಲೇ ನ್ಯೂಟ್ರೊಫಿಲ್ ಹೆಚ್ಚಿಸುವ ಜಿ-ಸಿಎಸ್‌ಎಫ್ ಕೊಡಬೇಕು, ಯಾರ ಜಿಡೋವುಡಿನ್ ಬದಲಿಸಲು ಎಆರ್‌ಟಿ ಕೇಂದ್ರಕ್ಕೆ ಬರೆಯಬೇಕು, ಸಿಡಿ4 50ಕ್ಕಿಂತ ಕಡಿಮೆ ಇರುವ ಯಾರಿಗೆ ಲಿಂಫೋಮಾ ಔಷಧ ರಿಟುಕ್ಸಿಮ್ಯಾಬ್ ಕೊಡುವಾಗ ಸೋಂಕಿನ ಮೇಲೆ ಹೆಚ್ಚು ಕಣ್ಣಿಡಬೇಕು, ಸೋಂಕು ತಡೆಯುವ ಕೋಟ್ರೈಮೋಕ್ಸಜೋಲ್ ಮಾತ್ರೆ ತಪ್ಪದೆ ನಡೆಯುತ್ತಿದೆಯೇ ಎಂಬುದಕ್ಕೆ.

ಈಗ ನಮ್ಮ ವಾರ್ಡಿನ ದಾಖಲಾತಿ ಹಾಳೆಯಲ್ಲಿ ಎರಡು ಕಾಲಂ ಸೇರಿವೆ: ಸ್ಟೀರಾಯ್ಡ್ ಯಾವಾಗ ಕೊಟ್ಟರು, ಅದಕ್ಕೂ ಮುಂಚಿನ ಸಿಬಿಸಿ ಯಾವ ತಾರೀಖಿನದು. ಕಿರಿಯ ವೈದ್ಯರು ಶೇಕಡಾವಾರು ಬರೆದರೆ ನಾನು ಒಪ್ಪುವುದಿಲ್ಲ, ಒಟ್ಟು ಬಿಳಿರಕ್ತಕಣದಿಂದ ಗುಣಿಸಿ ನಿಜವಾದ ಎಣಿಕೆಯನ್ನೇ ಬರೆಯಬೇಕು. ಹಳೇ ಕವರನ್ನು ಮನೆಯಲ್ಲಿ ಬಿಟ್ಟು ಬಂದವರಿಗೆ, ಮುಂದಿನ ಸಲ ತಪ್ಪದೆ ತನ್ನಿ ಎಂದು ಚೀಟಿಯಲ್ಲೇ ಬರೆದುಕೊಡುತ್ತೇವೆ.